ಬೊಂಬೆಗೆ ಬಾಯಿ ಬಂದಾಗ

ಕಳೆದ ಮಳೆಗಾಲದ ಒಂದು ಸಂಜೆ. ತರಗತಿಗಳೆಲ್ಲ ಮುಗಿದಿದ್ದುವು. ಅಧ್ಯಾಪಕರ ಕೋಣೆಯಲ್ಲಿ ನಾನೊಬ್ಬನೇ ಉತ್ತರಪತ್ರಿಕೆಗಳ ರಾಶಿಯೊಡನೆ ಸೆಣಸುತ್ತ ಕುಳಿತಿದ್ದೆ. ಬಾಗಿಲ ಬಳಿ ಹಳೆಯ ವಿದ್ಯಾರ್ಥಿಯೊಬ್ಬ ಬಂದು ನಿಂತ. ಕಾಪುವಿನ ಹುಡುಗ; ಪದವಿ ಮುಗಿಸಿ ವರುಷವೊಂದು ಕಳೆದಿತ್ತು. ಹಗಲು ಉಡುಪಿಯ ಫೋಟೋ ಸ್ಟುಡಿಯೋ ಒಂದರಲ್ಲಿ ದುಡಿಮೆ, ರಾತ್ರಿ ಕಂಪ್ಯೂಟರಿನಲ್ಲಿ ಅನಿಮೇಷನ್ ಕಲಿಕೆ.

"ಸಾರ್, ನಿಮ್ಮ ಧ್ವನಿ ಬೇಕಿತ್ತು" ಎಂದ.

ಭಾಷಣಕ್ಕೋ ನಾಟಕಕ್ಕೋ ಎಂದುಕೊಂಡೆ. ಎರಡೂ ಅಲ್ಲ, ಕಂಪ್ಯೂಟರಿನೊಳಗಿನ ಬೊಂಬೆಯೊಂದಕ್ಕೆ! ಮಳೆಯಲ್ಲಿ ತೊಯ್ದು ತಡವಾಗಿ ಮನೆಗೆ ಬಂದ ಮಗನೊಬ್ಬ, ಮುಚ್ಚುತ್ತಿರುವ ಬಾಗಿಲಿನೆದುರು ನಿಂತು ಒಂದು ಮಾತು ಹೇಳಬೇಕು. ಮಾತು ಇಷ್ಟೇ: "ಅಮ್ಮಾ, ಮಳೆ ಬಂತು. ಬಾಗಿಲು ಹಾಕಬೇಡ." ಅವನ ಫೋನಿನ ಮುಂದೆ ನಾಲ್ಕೈದು ಬಾರಿ ಹೇಳಿ, ಇದೇನು ಮಹಾ ಕೆಲಸವೆಂದು ನಕ್ಕು ಕಳುಹಿಸಿಕೊಟ್ಟೆ.

ಮೂರು ವಾರಗಳ ಬಳಿಕ ಹುಡುಗ ಮತ್ತೆ ಬಂದ. ಮೋರೆ ಬಾಡಿತ್ತು. ಆ ಮೂರು ಸೆಕೆಂಡುಗಳ ಚಿತ್ರವನ್ನು ಮನೆಯಲ್ಲಿ ತೋರಿಸಿದ್ದನಂತೆ. ತಂದೆ ಮಲ್ಪೆಯಲ್ಲಿ ದೋಣಿಯ ಎಂಜಿನ್ನುಗಳನ್ನು ರಿಪೇರಿ ಮಾಡುವವರು. ಓಡುವ ಯಂತ್ರಕ್ಕೂ ಓಡದ ಯಂತ್ರಕ್ಕೂ ಇರುವ ಅಂತರವನ್ನು ಬಲ್ಲವರು. ನೋಡಿದವರು ಒಂದೇ ಮಾತಿನಲ್ಲಿ ತೀರ್ಪಿತ್ತಿದ್ದರು: "ಇದು ಮಾತಾಡುವುದಿಲ್ಲ ಮಾರಾಯ, ಅವಲಕ್ಕಿ ಜಗಿಯುತ್ತದೆ." ಅಷ್ಟೇ ಅಲ್ಲ, ದೀಪಾವಳಿಯೊಳಗೆ ಏನಾದರೊಂದು ದಾರಿ ಕಾಣದಿದ್ದರೆ ಬ್ಯಾಂಕಿನ ಪರೀಕ್ಷೆಗೆ ಕುಳಿತುಕೊಳ್ಳಬೇಕೆಂದು ಗಡುವನ್ನೂ ಹಾಕಿದ್ದರು.

ಕನ್ನಡದ ಮೇಷ್ಟರಾದ ನನಗೂ ಈ ವಿದ್ಯೆಗೂ ಏನು ಸಂಬಂಧ? ಆದರೂ ಹುಡುಗನ ಗಡುವು ನನ್ನನ್ನು ಕಾಡಿತು. ಆ ನೆಪದಲ್ಲಿ ನಾನು ಕಲಿತುದನ್ನೇ ಇಲ್ಲಿ ಓದುಗರ ಮುಂದಿಡುತ್ತಿದ್ದೇನೆ.

ಸೆಕೆಂಡಿಗೆ ಇಪ್ಪತ್ತನಾಲ್ಕು

ಸಿನಿಮಾದ ಪರದೆಯ ಮೇಲೆ ಸೆಕೆಂಡಿಗೆ 24 ಚಿತ್ರಗಳು ಸರಿದುಹೋಗುತ್ತವೆಂಬುದು ಎಲ್ಲರಿಗೂ ತಿಳಿದ ವಿಷಯ. ಈ ಒಂದೊಂದು ಚಿತ್ರಕ್ಕೂ ಫ್ರೇಮ್ ಎಂದು ಹೆಸರು. ಕೈಯಿಂದ ಬರೆಯುವ ಕಲಾವಿದರು ಅನೇಕ ವೇಳೆ ಒಂದು ಚಿತ್ರವನ್ನು ಎರಡು ಫ್ರೇಮುಗಳಿಗೆ ಬಳಸಿ, ಸೆಕೆಂಡಿಗೆ 12 ಚಿತ್ರಗಳಲ್ಲಿಯೇ ಕೆಲಸ ಮುಗಿಸುತ್ತಾರೆ. ಅಮೆರಿಕೆಯ ವಿನ್ಸರ್ ಮೆಕೇ 1914ರಲ್ಲಿ ಗರ್ಟಿ ಎಂಬ ಡೈನೋಸಾರನ್ನು ಹೀಗೆಯೇ ನಡೆಸಿ ಕುಣಿಸಿದನು. ಮರುವರುಷವೇ ನಮ್ಮ ದಾದಾಸಾಹೇಬ ಫಾಲ್ಕೆಯವರು ಬೆಂಕಿಕಡ್ಡಿಗಳಿಗೆ ಚಲನೆ ಕೊಟ್ಟು ಒಂದು ಕಿರುಚಿತ್ರ ಮಾಡಿದರು. 1928ರ 'ಸ್ಟೀಮ್‌ಬೋಟ್ ವಿಲ್ಲಿ'ಯಲ್ಲಿ ಮಿಕ್ಕಿ ಮೌಸ್ ಸದ್ದಿಗೆ ಹೆಜ್ಜೆ ಕೂಡಿಸಿತು. 1956ರಲ್ಲಿ ಡಿಸ್ನಿ ಸಂಸ್ಥೆಯಲ್ಲಿ ಪಳಗಿದ್ದ ಕ್ಲೇರ್ ವೀಕ್ಸ್ ಎಂಬವರು ಮುಂಬಯಿಯ ಫಿಲ್ಮ್ಸ್ ಡಿವಿಷನ್ನಿಗೆ ಬಂದು ನಮ್ಮ ಕಲಾವಿದರಿಗೆ ಪಾಠ ಹೇಳಿದರು. ಜಾತಕ ಕಥೆಯನ್ನು ಆಧರಿಸಿದ 'ದಿ ಬನ್ಯನ್ ಡಿಯರ್' ಎಂಬ 1957ರ ಚಿತ್ರ ಅದರ ಫಲ.

ಈಗ ಕಾಗದದ ಸ್ಥಾನವನ್ನು ಕಂಪ್ಯೂಟರು ಹೆಚ್ಚಿನಂಶ ಆಕ್ರಮಿಸಿದೆ. 2002ರಿಂದ ಎಲ್ಲರಿಗೂ ಮುಕ್ತವಾಗಿರುವ ಬ್ಲೆಂಡರ್ ಎಂಬ ತಂತ್ರಾಂಶಕ್ಕೆ ಬಿಡಿಗಾಸನ್ನೂ ಕೊಡಬೇಕಾಗಿಲ್ಲ. ನಮ್ಮ ಹುಡುಗನ ಬಂಡವಾಳವೂ ಅದೇ. ಸೂತ್ರದ ಬದಲು ಮೌಸು, ಮರದ ಬದಲು ಗಣಿತ. ಆದರೂ ಬೊಂಬೆ ಬೊಂಬೆಯೇ. ಅದನ್ನು ಕುಣಿಸುವ ವಿದ್ಯೆ ತಂತ್ರಾಂಶದೊಳಗೆ ಇರುವುದಿಲ್ಲ.

ಮೊದಲು ಯೋಚನೆ

"ಮಾತು ಸಿಕ್ಕಿದ ಮೇಲೆ ಏನು ಮಾಡಿದೆ?" ಎಂದು ಕೇಳಿದೆ.

"ಅಂದು ರಾತ್ರಿಯೇ ಬಾಯಿ ಅಲುಗಾಡಿಸಲು ತೊಡಗಿದೆ ಸಾರ್."

ತಪ್ಪು ಅಲ್ಲಿಯೇ ಇತ್ತು. ನುರಿತವರು ಹಾಗೆ ಮಾಡುವುದಿಲ್ಲ. ಮೊದಲು ಧ್ವನಿಯನ್ನು ಕಣ್ಣುಮುಚ್ಚಿ ಹತ್ತಾರು ಬಾರಿ ಕೇಳುತ್ತಾರೆ. ಈ ಪಾತ್ರಕ್ಕೆ ಏನು ಬೇಕು, ಯಾರೊಡನೆ ಮಾತಾಡುತ್ತಿದೆ, ಮಾತಿನ ಮುಂಚಿನ ಕ್ಷಣದಲ್ಲಿ ಏನಾಯಿತು ಎಂದು ತಮ್ಮನ್ನೇ ಕೇಳಿಕೊಳ್ಳುತ್ತಾರೆ. "ಬಾಗಿಲು ಹಾಕಬೇಡ" ಎಂಬುದು ಆಜ್ಞೆಯೂ ಆಗಬಹುದು, ಬೇಡಿಕೆಯೂ ಆಗಬಹುದು. ಆಜ್ಞೆಯಾದರೆ ಎದೆ ಮುಂದೆ, ಗಲ್ಲ ಮೇಲೆ. ಬೇಡಿಕೆಯಾದರೆ ಹೆಗಲು ಕುಗ್ಗಿ ಕೈ ಬಾಗಿಲಿನತ್ತ ಚಾಚುತ್ತದೆ. ಇದು ತೀರ್ಮಾನವಾಗದೆ ತುಟಿಯನ್ನು ಮುಟ್ಟಿ ಫಲವೇನು?

ತೀರ್ಮಾನವಾದ ಬಳಿಕ ಅಂಗೈಯಗಲದ ಪುಟ್ಟ ಚಿತ್ರಗಳಲ್ಲಿ ಮುಖ್ಯ ಭಂಗಿಗಳನ್ನು ಗೀಚಿಕೊಳ್ಳಬೇಕು. ತಾವೇ ನಟಿಸಿ ಫೋನಿನಲ್ಲಿ ಚಿತ್ರಿಸಿಕೊಳ್ಳಬೇಕು. ಹಿಂದಿನ ಡಿಸ್ನಿ ಕಲಾವಿದರ ಮೇಜಿನ ಮೇಲೆ ಕನ್ನಡಿಯೊಂದು ಇದ್ದೇ ಇರುತ್ತಿತ್ತು. ತಮ್ಮ ಮುಖವನ್ನೇ ಸೊಟ್ಟಗೆ ಮಾಡಿ ನೋಡಿ ಬರೆಯುತ್ತಿದ್ದರು. ಅನಂತರವೇ ಬೊಂಬೆಯನ್ನು ಆ ಭಂಗಿಗಳಲ್ಲಿ ನಿಲ್ಲಿಸಿ, ಕಾಲವನ್ನು ಅಳೆದು, ನಡುವಣ ಚಲನೆಯನ್ನು ತುಂಬುವುದು, ಕಟ್ಟಕಡೆಗೆ ನಯಗೆಲಸ.

ಹುಲಿ, ಬಲೆ, ಗೊಮ್ಮಟ

ಅಭಿನಯದಲ್ಲಿ ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕು ಬಗೆಯನ್ನು ನಮ್ಮ ನಾಟ್ಯಶಾಸ್ತ್ರ ಹೇಳುತ್ತದೆ. ಅನಿಮೇಷನ್ ಕಲಿಯುವವನಿಗೂ ಇವೇ ನಾಲ್ಕು. ಬೊಂಬೆಯ ರೂಪ, ಉಡುಪುಗಳ ಆಹಾರ್ಯವನ್ನು ಸಾಮಾನ್ಯವಾಗಿ ಬೇರೆಯವರು ಸಿದ್ಧಮಾಡಿಕೊಡುತ್ತಾರೆ. ಉಳಿದುದು ಇವನ ಪಾಲು. ಡಿಸ್ನಿಯ ಹಿರಿಯ ಕಲಾವಿದರಾದ ಫ್ರಾಂಕ್ ಥಾಮಸ್ ಮತ್ತು ಓಲಿ ಜಾನ್‌ಸ್ಟನ್ 1981ರಲ್ಲಿ ಈ ಕಲೆಯ 12 ಸೂತ್ರಗಳನ್ನು ಗ್ರಂಥಸ್ಥಗೊಳಿಸಿದರು. ಅವುಗಳನ್ನು ಓದಿದಾಗ ನನಗೆ ತೋರಿದುದು ಇದು: ಈ ಸೂತ್ರಗಳಿಗೆ ಉದಾಹರಣೆಗಳು ನಮ್ಮ ಸುತ್ತಮುತ್ತಲೇ ಬಿದ್ದಿವೆ.

ಉಡುಪಿಯ ವಿಟ್ಲಪಿಂಡಿಯ ದಿನ ರಥಬೀದಿಗೆ ಹೋಗಿ ನೋಡಿ. ಹುಲಿವೇಷದವನು ನೆಗೆಯುವ ಮೊದಲು ಮೊಣಕಾಲು ಬಾಗಿಸಿ ನೆಲಕ್ಕೆ ಕುಗ್ಗುತ್ತಾನೆ. ಮುಂದಿನ ಚಲನೆಗೆ ಹಿಂದಿನ ಸಿದ್ಧತೆ ಎಂಬ ಸೂತ್ರ ಅದೇ. ಆ ಕುಗ್ಗು ಇಲ್ಲದಿದ್ದರೆ ನೆಗೆತವನ್ನು ನಮ್ಮ ಕಣ್ಣು ನಂಬುವುದಿಲ್ಲ. ಕಾಪುವಿನ ಕಡಲತೀರದಲ್ಲಿ, 1901ರ ದೀಪಸ್ತಂಭದ ಕೆಳಗೆ ನಿಂತು, ಬಲೆ ಎಳೆಯುವವರನ್ನು ನೋಡಿ. ಎಳೆತ ಕೈಯಿಂದ ಹುಟ್ಟುವುದಿಲ್ಲ. ಹಿಮ್ಮಡಿಯಿಂದ ಸೊಂಟಕ್ಕೆ, ಸೊಂಟದಿಂದ ಬೆನ್ನಿಗೆ, ಬೆನ್ನಿನಿಂದ ತೋಳಿಗೆ ಏರುತ್ತದೆ. ಬಲೆಯ ಭಾರ ಬಲೆಯಲ್ಲಿ ಕಾಣುವುದಿಲ್ಲ, ಎಳೆಯುವವನ ಬೆನ್ನಿನಲ್ಲಿ ಕಾಣುತ್ತದೆ. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು ನರ್ತಕಿಯ ಇಡೀ ಮೈಯನ್ನು ಕೆಲವೇ ಗೆರೆಗಳಲ್ಲಿ ಹಿಡಿದುದೂ ಇಂಥ ನೋಟದಿಂದಲೇ.

ಇನ್ನು ಸುಮ್ಮನೆ ನಿಲ್ಲುವುದು. ಇದೇ ಕಷ್ಟವಾದ ಪಾಠವಂತೆ. ಕಂಪ್ಯೂಟರಿನ ಬೊಂಬೆ ಪೂರ್ತಿ ನಿಂತಿತೆಂದರೆ ಆ ಕ್ಷಣವೇ ಹೆಣವಾಗುತ್ತದೆ. ನಿಂತಾಗಲೂ ಉಸಿರಿನಷ್ಟು ಅಲುಗು ಇರಬೇಕು. ನಾನು ಹುಡುಗನನ್ನು ಒಂದು ಭಾನುವಾರ ಕಾರ್ಕಳಕ್ಕೆ ಕರೆದೊಯ್ದೆ. 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ 42 ಅಡಿಯ ಗೊಮ್ಮಟ ಬಂಡೆಯ ಮೇಲೆ ನಿಂತಿದ್ದಾನೆ. ಆರು ಶತಮಾನಗಳಿಂದ ಅಲುಗಿಲ್ಲ. ಆದರೂ ಜೀವವಿಲ್ಲವೆನ್ನಲು ಯಾರಿಗೆ ಧೈರ್ಯ? ಹುಡುಗ ಬಹಳ ಹೊತ್ತು ನೋಡಿ, "ಇವನು ನಿಲ್ಲಬೇಕೆಂದು ನಿಂತಿದ್ದಾನೆ ಸಾರ್, ನನ್ನ ಬೊಂಬೆ ಕೆಲಸವಿಲ್ಲದೆ ನಿಂತಿದೆ" ಎಂದ. ಬಸ್ಸಿನ ಖರ್ಚು ಅಲ್ಲಿಗೆ ಸಾರ್ಥಕವಾಯಿತು.

ತುಟಿಯ ವ್ಯಾಕರಣ

ಕೊನೆಯದು ವಾಚಿಕ, ಎಂದರೆ ಧ್ವನಿಗೆ ತುಟಿಯನ್ನು ಕೂಡಿಸುವ ಕೆಲಸ. ಹುಡುಗ ಇಂಗ್ಲಿಷಿಗಾಗಿ ಮಾಡಿದ ಬಾಯಿಯ ಆಕಾರಗಳ ಪಟ್ಟಿಯೊಂದನ್ನು ಇಟ್ಟುಕೊಂಡು, ನನ್ನ ಮಾತಿನ ಒಂದೊಂದು ಅಕ್ಷರಕ್ಕೂ ಒಂದೊಂದು ಆಕಾರ ತೊಡಿಸಿದ್ದ. ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ, ಅವನ ತಂದೆ ಹೇಳಿದಂತೆ ಅವಲಕ್ಕಿ ಜಗಿದಿತ್ತು.

ನಮ್ಮ ವರ್ಣಮಾಲೆಯನ್ನೇ ತೆಗೆದು ಮುಂದಿಟ್ಟೆ. ಬಾಯಿಯ ಯಾವ ಎಡೆಯಲ್ಲಿ ಹುಟ್ಟುತ್ತದೆಂಬ ಲೆಕ್ಕದಿಂದ ಅಕ್ಷರಗಳನ್ನು ಜೋಡಿಸಿದ ನಮ್ಮ ಹಿರಿಯರಿಗಿಂತ ಉತ್ತಮ ಪಟ್ಟಿಯನ್ನು ಇನ್ನಾರು ಕೊಟ್ಟಾರು? ಕ ವರ್ಗ ಗಂಟಲಿನ ಕಡೆಯದು, ನೋಡುವವರಿಗೆ ಕಾಣದು. ಟ, ಡ, ಣ, ಳಗಳಲ್ಲಿ ನಾಲಗೆ ಒಳಗೇ ಮಡಚುತ್ತದೆ; ತುಟಿಗೆ ಕೆಲಸವಿಲ್ಲ. ತ, ದ, ನ, ಲಗಳಲ್ಲಿ ಹಲ್ಲಿನ ಹಿಂದೆ ನಾಲಗೆಯ ತುದಿ ಮಿಂಚಿ ಮರೆಯಾಗುತ್ತದೆ. ಪ, ಫ, ಬ, ಭ, ಮ ಈ ಐದರಲ್ಲಿ ಮಾತ್ರ ತುಟಿಗಳೆರಡೂ ಕೂಡಲೇಬೇಕು. 'ವ'ಕಾರಕ್ಕೆ ಕೆಳದುಟಿ ಮೇಲ್ವಲ್ಲನ್ನು ತುಸು ಸೋಕುತ್ತದೆ. ಸ್ವರಗಳಲ್ಲಿ 'ಆ' ದವಡೆಯನ್ನು ಇಳಿಸುತ್ತದೆ, 'ಈ' ತುಟಿಯನ್ನು ಅಗಲಿಸುತ್ತದೆ, 'ಊ' ದುಂಡಗಾಗಿಸುತ್ತದೆ. ಅಕ್ಷರಗಳು ನಲವತ್ತೊಂಬತ್ತಾದರೂ ಕಣ್ಣಿಗೆ ಕಾಣುವ ಆಕಾರಗಳು ಏಳೆಂಟೇ!

ಈಗ ನಮ್ಮ ವಾಕ್ಯವನ್ನು ನೋಡಿ. ತುಟಿ ಕೂಡುವುದು ಐದೇ ಕಡೆ: ಅಮ್ಮಾ, ಮಳೆ, ಬಂತು, ಬಾಗಿಲು, ಹಾಕಬೇಡ. 72 ಫ್ರೇಮುಗಳಲ್ಲಿ ಈ ಐದು ಮುಚ್ಚುಗಳನ್ನು ತಪ್ಪದೆ ಹಿಡಿದರೆ ಮಿಕ್ಕುದನ್ನು ದವಡೆಯ ಏರಿಳಿತವೇ ನಡೆಸಿಕೊಡುತ್ತದೆ. ಒಂದು ಮುಚ್ಚಿಗೆ ಎರಡು ಫ್ರೇಮಾದರೂ ಬೇಕು, ಇಲ್ಲವಾದರೆ ಕಣ್ಣು ಅದನ್ನು ಗುರುತಿಸದು. 'ಅಮ್ಮಾ' ಎಂಬಲ್ಲಿ ಒತ್ತಕ್ಷರವಿರುವುದರಿಂದ ತುಟಿ ಇನ್ನೂ ಒಂದೆರಡು ಫ್ರೇಮು ಹೆಚ್ಚು ಕೂಡಿರಬೇಕು. ತುಟಿಯ ಆಕಾರ ಧ್ವನಿಗಿಂತ ಒಂದೆರಡು ಫ್ರೇಮು ಮೊದಲೇ ಬಂದರೆ ಇನ್ನೂ ಸಹಜ. ನಾವು ಬಾಯಿಯನ್ನು ಸಿದ್ಧಮಾಡಿಕೊಂಡೇ ಮಾತಾಡುತ್ತೇವಲ್ಲವೆ? ನಮ್ಮ ಮಾತುಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುವುದರಿಂದ, ವಾಕ್ಯದ ಕೊನೆಯಲ್ಲಿ ಬಾಯಿ ತಟ್ಟನೆ ಮುಚ್ಚದೆ ಮೆಲ್ಲನೆ ವಿರಮಿಸಬೇಕು.

ಒಂದು ವಿಶೇಷವನ್ನು ಹೇಳದಿರಲಾರೆ. ತುಟಿಯೊಂದನ್ನೇ ನೋಡಿದರೆ 'ಅಪ್ಪ' ಎಂಬುದಕ್ಕೂ 'ಅಮ್ಮ' ಎಂಬುದಕ್ಕೂ ಭೇದವೇ ಇಲ್ಲ. ಯಾರನ್ನು ಕರೆದನೆಂಬುದನ್ನು ಹೇಳಬೇಕಾದುದು ಕಣ್ಣು, ಹುಬ್ಬು, ಕೊರಳಿನ ಬಾಗು. ಕುಂದಾಪುರದ ಬಳಿಯ ಉಪ್ಪಿನಕುದ್ರುವಿನಲ್ಲಿ ಕೊಗ್ಗ ಕಾಮತರ ಮನೆತನದವರು ಆಡಿಸಿಕೊಂಡು ಬಂದ ಯಕ್ಷಗಾನ ಬೊಂಬೆಗಳನ್ನು ಕಂಡವರಿಗೆ ಇದು ಹೊಸತಲ್ಲ. ಅಲ್ಲಿ ತುಟಿಯನ್ನು ನೋಡಿ ಮಾತನ್ನು ನಂಬುವವರಿಲ್ಲ; ತಲೆಯ ತೂಗು, ಕೈಯ ಬೀಸು, ಹೆಜ್ಜೆಯ ನಿಲುಗಡೆಗಳೇ ಅರ್ಥ ಹೇಳುತ್ತವೆ. ಧ್ವನಿಯಿಂದ ತುಟಿಯನ್ನು ತಾನಾಗಿ ಅಲುಗಾಡಿಸುವ ಯಂತ್ರಬುದ್ಧಿ ಈಗ ಬಂದಿದೆ. ಆದರೆ ತಾಯಿಯ ಬಾಗಿಲಿನಲ್ಲಿ ಮಗ ಹೇಗೆ ನಿಲ್ಲುತ್ತಾನೆಂದು ಗಮನಿಸುವ ಕಣ್ಣು ಕಲಿಯುವವನದೇ ಆಗಬೇಕು.

ಹೊಟ್ಟೆಪಾಡಿನ ಮಾತು

ಇದರಿಂದ ಅನ್ನ ಹುಟ್ಟುವುದೆ ಎಂದು ಹೆತ್ತವರು ಕೇಳುವುದು ನ್ಯಾಯವೇ. ಕರ್ನಾಟಕ ಸರಕಾರ 2012ರಲ್ಲಿಯೇ ಅನಿಮೇಷನ್ ಉದ್ಯಮಕ್ಕಾಗಿ ನೀತಿಯೊಂದನ್ನು ರೂಪಿಸಿತು. ಉಡುಪಿಯಲ್ಲಿಯೇ ನೆಲೆಯೂರಿದ ನೈಂಟಿನೈನ್ ಗೇಮ್ಸ್ ಸಂಸ್ಥೆ 2013ರಲ್ಲಿ 'ಧೂಮ್ 3' ಚಿತ್ರದ ಆಟವನ್ನು ಹೊರತಂದಿತು. 2025ರಲ್ಲಿ 'ಮಹಾವತಾರ ನರಸಿಂಹ' ಎಂಬ ಅನಿಮೇಷನ್ ಚಿತ್ರ ಕನ್ನಡದಲ್ಲಿಯೂ ತೆರೆಕಂಡಿತು. ದಾರಿ ಉಂಟು; ಆದರೆ ಹೆದ್ದಾರಿಯಲ್ಲ. ಕೆಲಸ ಒಮ್ಮೆ ಇದ್ದರೆ ಇನ್ನೊಮ್ಮೆ ಇಲ್ಲ. ಸರ್ಟಿಫಿಕೇಟಿಗಿಂತ ಮಾಡಿ ತೋರಿಸಿದ ಒಂದು ನಿಮಿಷದ ಚಿತ್ರಕ್ಕೇ ಬೆಲೆ. ಇದನ್ನೆಲ್ಲ ನಾನು ಹುಡುಗನಿಗೆ ಮುಚ್ಚುಮರೆಯಿಲ್ಲದೆ ಹೇಳಿದೆ.

ದೀಪಾವಳಿಗೆ ನಾಲ್ಕು ದಿನ ಉಳಿದಿತ್ತು. ಹುಡುಗ ಹೊಸದಾಗಿ ಮಾಡಿದ ಆ ಮೂರು ಸೆಕೆಂಡುಗಳನ್ನು ತಂದೆಗೆ ತೋರಿಸಿದನಂತೆ. ಅವರು ಕೈಯ ಎಣ್ಣೆಮಸಿಯನ್ನು ಒರೆಸಿಕೊಂಡು ಒಮ್ಮೆ ನೋಡಿದರು, ಇನ್ನೊಮ್ಮೆ ಹಾಕೆಂದರು, ಮೂರನೆಯ ಸಲವೂ ನೋಡಿದರು. ಚೆನ್ನಾಗಿದೆ ಎನ್ನಲಿಲ್ಲ. "ಆಮೇಲೆ ಏನಾಯಿತು? ತಾಯಿ ಬಾಗಿಲು ಹಾಕಿದಳೋ?" ಎಂದು ಕೇಳಿದರು.

ಹುಡುಗನಿಗೆ ಇನ್ನೂ ಕೆಲಸ ಸಿಕ್ಕಿಲ್ಲ. ಗಡುವು ಮಾತ್ರ ಯುಗಾದಿಗೆ ಮುಂದೆ ಹೋಗಿದೆ.