ಡಂಬೆಲ್ ಕೈಗೆ ಕೊಡುವ ಮುನ್ನ

‘ಶಾಂತಲಾ’ ಕಾದಂಬರಿಯಿಂದ ಕನ್ನಡಿಗರಿಗೆ ಪರಿಚಿತರಾದ ಪ್ರೊ. ಕೆ.ವಿ. ಅಯ್ಯರ್ ಮೂಲತಃ ವ್ಯಾಯಾಮ ಗುರುಗಳು. ಬೆಂಗಳೂರಿನಲ್ಲಿ ಅವರು ನಡೆಸುತ್ತಿದ್ದ ವ್ಯಾಯಾಮಶಾಲೆಗೆ ಬರಲಾಗದವರಿಗೆ ಅಂಚೆಯ ಮೂಲಕ ಪಾಠಗಳು ಹೋಗುತ್ತಿದ್ದವು. ಕಚೇರಿ, ಸಂಸಾರಗಳ ನಡುವೆ ಬಿಡುವು ಮಾಡಿಕೊಂಡು ಮನೆಯಲ್ಲೇ ಅಂಗಸಾಧನೆಯ ವಿದ್ಯೆ ಕಲಿಯುವುದು ನಮ್ಮ ನಾಡಿಗೆ ಹೊಸದೇನಲ್ಲ. ಆದರೆ ಅಂದು ಕಲಿಯುತ್ತಿದ್ದವರು ತಮ್ಮ ಮೈಯನ್ನು ಹದಗೊಳಿಸಿಕೊಳ್ಳಲು ಕಲಿಯುತ್ತಿದ್ದರು. ಇಂದು ಹಲವರು ಕಲಿಯುತ್ತಿರುವುದು ಇನ್ನೊಬ್ಬರ ಮೈಯನ್ನು ಹದಗೊಳಿಸಲು. ಆ ಉದ್ಯೋಗಕ್ಕೆ ಪರ್ಸನಲ್ ಟ್ರೈನರ್ ಎಂದು ಹೆಸರು.

ಪಿಯುಸಿ ಮುಗಿಸಿದ ಹುಡುಗರು ಇತ್ತ ಬರುವುದು ಸಹಜ. ಮೂವತ್ತೈದು ದಾಟಿದವರೂ ಬರುತ್ತಿದ್ದಾರೆ. ಪಾಳಿ ಕೆಲಸದಿಂದ ಬೇಸತ್ತ ಕಾರ್ಖಾನೆ ನೌಕರ, ಸೇನೆಯಿಂದ ನಿವೃತ್ತನಾದ ಯೋಧ, ಮಕ್ಕಳನ್ನು ಶಾಲೆಗೆ ಕಳಿಸಿದ ಮೇಲೆ ಸಿಗುವ ನಾಲ್ಕು ಗಂಟೆಯಲ್ಲಿ ಏನಾದರೂ ಗಳಿಸಬೇಕೆನ್ನುವ ಗೃಹಿಣಿ, ಹೀಗೆ. ಇವರೆಲ್ಲರ ಮನೆಯಲ್ಲೂ ಏಳುವ ಮೊದಲ ಪ್ರಶ್ನೆ ಒಂದೇ: ‘ಜಿಮ್‌ನಲ್ಲಿ ಹೇಳಿಕೊಡೋದಕ್ಕೆ ಪುಸ್ತಕ ಯಾಕೆ ಬೇಕು ರೀ?’

ಪ್ರಶ್ನೆಯಲ್ಲಿ ತಪ್ಪಿಲ್ಲ. ಉಬ್ಬಿದ ತೋಳು, ಬಿಗಿಯಾದ ಬನಿಯನ್ನು, ಕೊರಳಲ್ಲೊಂದು ಸೀಟಿ ಇದ್ದರೆ ಟ್ರೈನರ್ ಆದಂತೆಯೇ ಎಂಬ ಭಾವನೆ ಜಿಮ್ ನಡೆಸುವವರಲ್ಲೂ ಇದೆ. ವೈದ್ಯರಿಗೆ, ವಕೀಲರಿಗೆ ಇರುವಂಥ ಕಡ್ಡಾಯ ನೋಂದಣಿ ಈ ಉದ್ಯೋಗಕ್ಕೆ ನಮ್ಮಲ್ಲಿಲ್ಲ. ಹಾಗಾಗಿ ಹತ್ತು ದಿನಗಳ ಶಿಬಿರಕ್ಕೆ ಹೋಗಿಬಂದು ಚೌಕಟ್ಟು ಹಾಕಿಸಿದ ಸರ್ಟಿಫಿಕೇಟನ್ನು ಗೋಡೆಗೆ ತೂಗುಹಾಕಿದವರಿಗೂ ಕೊರತೆಯಿಲ್ಲ.

ಈಗ ಸ್ವಲ್ಪ ಲೆಕ್ಕ ಮಾಡೋಣ. ತೋಳಿನ ಬೈಸೆಪ್ಸ್ ಸ್ನಾಯು ಮುಂದೋಳಿನ ಮೂಳೆಗೆ ಅಂಟಿಕೊಂಡಿರುವುದು ಮೊಣಕೈ ಕೀಲಿನಿಂದ ಸುಮಾರು 4 ಸೆಂ.ಮೀ. ದೂರದಲ್ಲಿ. ಅಂಗೈ ಇರುವುದು ಸುಮಾರು 35 ಸೆಂ.ಮೀ. ದೂರದಲ್ಲಿ. 5 ಕಿಲೋ ಡಂಬೆಲ್ ಹಿಡಿದು ಮುಂದೋಳನ್ನು ನೆಲಕ್ಕೆ ಸಮಾನಾಂತರವಾಗಿ ನಿಲ್ಲಿಸಿದರೆ ಆ ಸ್ನಾಯು ಎಷ್ಟು ಬಲದಿಂದ ಎಳೆಯಬೇಕು? 5ನ್ನು 35ರಿಂದ ಗುಣಿಸಿ 4ರಿಂದ ಭಾಗಿಸಿ. ಹೆಚ್ಚುಕಡಿಮೆ 44 ಕಿಲೋ ತೂಕ ಹೊರುವಷ್ಟು! ಮುಂದೋಳಿನ ಸ್ವಂತ ತೂಕ ಬೇರೆ. ಇದು ಶಾಲೆಯಲ್ಲಿ ಕಲಿತ ಮೂರನೆಯ ವರ್ಗದ ಸನ್ನೆ, ಅಷ್ಟೇ. ಭಾರವು ಕೀಲಿನಿಂದ ದೂರ ಸರಿದಷ್ಟೂ ಸ್ನಾಯುವಿನ ಮೇಲಿನ ಎಳೆತ ಹೆಚ್ಚುತ್ತದೆ. ಸೊಂಟ ಬಗ್ಗಿಸಿ, ಕೈ ಮುಂದಕ್ಕೆ ಚಾಚಿ ನೆಲದ ಮೇಲಿನ ಭಾರ ಎತ್ತಿದವನ ಬೆನ್ನು ಹಿಡಿದುಕೊಳ್ಳುವುದೂ ಇದೇ ಲೆಕ್ಕದಿಂದ. ನೀರಿನ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿಯುವ ನಮ್ಮ ಹೆಂಗಸರಿಗೆ ಈ ಲೆಕ್ಕ ಪುಸ್ತಕವಿಲ್ಲದೆಯೇ ಗೊತ್ತಿತ್ತು. ಜಿಮ್‌ಗೆ ಬರುವವರಿಗೆ ಅದನ್ನು ಹೇಳಿಕೊಡಬೇಕಾದವನು ಟ್ರೈನರ್.

ಇನ್ನು ನಾಡಿಬಡಿತ. 220ರಿಂದ ವಯಸ್ಸನ್ನು ಕಳೆದರೆ ಬರುವುದೇ ಗರಿಷ್ಠ ನಾಡಿಬಡಿತವೆಂದು ಬಹಳ ಜಿಮ್‌ಗಳ ಗೋಡೆಯ ಮೇಲೆ ಬರೆದಿರುತ್ತದೆ. ಅದು ಅಂದಾಜು ಮಾತ್ರ. ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತ ಹೆಚ್ಚೋ ಕಡಿಮೆಯೋ ಇರಬಹುದು. 2001ರಲ್ಲಿ ಪ್ರಕಟವಾದ ಇನ್ನೊಂದು ಸೂತ್ರ ವಯಸ್ಸಿನ ಹತ್ತನೇ ಏಳು ಭಾಗವನ್ನು 208ರಿಂದ ಕಳೆಯಿರಿ ಎನ್ನುತ್ತದೆ. ನಲವತ್ತರ ವಯಸ್ಸಿನಲ್ಲಿ ಎರಡೂ 180 ಎಂದೇ ಹೇಳುತ್ತವೆ. ಅರವತ್ತಕ್ಕೆ ಒಂದು 160 ಎಂದರೆ ಇನ್ನೊಂದು 166 ಎನ್ನುತ್ತದೆ. ಇದಕ್ಕಿಂತ ಮುಖ್ಯವಾದ ಸಂಗತಿ ಬೇರೆಯಿದೆ. ರಕ್ತದೊತ್ತಡಕ್ಕೆ ಅಟೆನೊಲಾಲ್‌ನಂಥ ಮಾತ್ರೆ ನುಂಗುವವರ ನಾಡಿ ಎಷ್ಟು ದಣಿದರೂ ಉಳಿದವರಷ್ಟು ಮೇಲೇರದು. ಗೋಡೆಯ ಮೇಲಿನ ಸೂತ್ರವನ್ನೇ ನಂಬಿ ‘ಇನ್ನೂ ಜೋರಾಗಿ, ಇನ್ನೂ ಜೋರಾಗಿ’ ಎಂದು ಅವರನ್ನು ಓಡಿಸುವ ಟ್ರೈನರ್ ಏನು ಮಾಡುತ್ತಿದ್ದಾನೆ ಎಂಬುದನ್ನು ಯೋಚಿಸಿ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ರ ಹರೆಯದಲ್ಲಿ ತೀರಿಕೊಂಡಾಗ ಇಡೀ ಕರ್ನಾಟಕ ಜಿಮ್‌ಗಳತ್ತ ಅನುಮಾನದಿಂದ ನೋಡಿತು. ಹೃದಯ ತಪಾಸಣೆಗೆಂದು ಆಸ್ಪತ್ರೆಗಳಲ್ಲಿ ಜನ ಸಾಲುಗಟ್ಟಿದರು. ವ್ಯಾಯಾಮವೇ ಅಪಾಯ ಎಂಬ ಮಾತನ್ನು ಹೃದ್ರೋಗ ತಜ್ಞರು ಒಪ್ಪಲಿಲ್ಲ. ಮೊದಲು ತಪಾಸಣೆ ಇರಲಿ, ಆಮೇಲೆ ಹದವರಿತ ವ್ಯಾಯಾಮ ಎಂದರು. ಟ್ರೈನರ್ ಓದಿನ ಮೊದಲ ಪಾಠವೂ ಇದೇ. ಹೊಸಬ ಬಂದೊಡನೆ ಕೇಳಬೇಕಾದ ಏಳು ಪ್ರಶ್ನೆಗಳ ಒಂದು ಪಟ್ಟಿಯನ್ನು ಕೆನಡಾದವರು 1970ರ ದಶಕದಲ್ಲೇ ರೂಪಿಸಿದ್ದಾರೆ. ಹೃದ್ರೋಗವಿದೆಯೆ? ಎದೆನೋವು ಬಂದದ್ದುಂಟೆ? ತಲೆಸುತ್ತು? ಮೂಳೆ, ಕೀಲುಗಳ ತೊಂದರೆ? ರಕ್ತದೊತ್ತಡದ ಮಾತ್ರೆ? ಒಂದಕ್ಕೆ ‘ಹೌದು’ ಬಂದರೂ ಮೊದಲು ವೈದ್ಯರ ಸಲಹೆ. ಶುಲ್ಕ ಕಟ್ಟಲು ಬಂದವನನ್ನು ವಾಪಸು ಕಳಿಸುವ ಧೈರ್ಯ ಮಾತ್ರ ಪುಸ್ತಕದಲ್ಲಿ ಸಿಗುವುದಿಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ದಪ್ಪನೆಯ ಇಂಗ್ಲಿಷ್ ಪುಸ್ತಕ ಕಂಡರೆ ಎದೆ ಡವಗುಟ್ಟುವುದುಂಟು. ಹ್ಯೂಮರಸ್, ರೇಡಿಯಸ್, ಅಲ್ನಾ ಎಂಬ ಹೆಸರುಗಳು ಇಂಗ್ಲಿಷ್ ಮಾಧ್ಯಮದವರಿಗೂ ಹೊಸವೇ, ಅವು ಲ್ಯಾಟಿನ್. ಮನೆಯಲ್ಲಿ ಹತ್ತನೇ ತರಗತಿಯ ಮಗನೋ ಮಗಳೋ ಇದ್ದರೆ ಅರ್ಧ ಪಠ್ಯ ಆಗಲೇ ಮನೆಯಲ್ಲಿದೆ. ವಿಜ್ಞಾನ ಪುಸ್ತಕದ ‘ಜೀವಕ್ರಿಯೆಗಳು’ ಪಾಠದಲ್ಲಿ ಉಸಿರಾಟವಿದೆ, ರಕ್ತಪರಿಚಲನೆಯಿದೆ, ಆಮ್ಲಜನಕ ಸಾಲದಾದಾಗ ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಮ್ಲ ಉಂಟಾಗುವ ವಿವರವಿದೆ. ಒಂದೇ ಮೇಜಿನ ಎರಡು ಬದಿಯಲ್ಲಿ ಅಪ್ಪನೂ ಮಗಳೂ ಕುಳಿತರೆ ಯಾರು ಯಾರಿಗೆ ಪಾಠ ಹೇಳುತ್ತಾರೆಂಬುದು ಬೇರೆ ಮಾತು! ಅಪ್ಪನ ಪುಸ್ತಕದಲ್ಲಿ ಸ್ವಲ್ಪ ಹೆಚ್ಚಿನ ಸಂಗತಿ ಸಿಗುತ್ತದೆ. ಮೊದಲ ದಿನ ಬಸ್ಕಿ ಹೊಡೆದವನಿಗೆ ಮರುದಿನ ಮೆಟ್ಟಿಲು ಇಳಿಯಲಾಗದಂತೆ ತೊಡೆ ನೋಯುವುದಕ್ಕೆ ಲ್ಯಾಕ್ಟಿಕ್ ಆಮ್ಲ ಕಾರಣವಲ್ಲ. ಅದು ಒಂದೆರಡು ಗಂಟೆಯಲ್ಲೇ ಕರಗಿಹೋಗಿರುತ್ತದೆ. ಸ್ನಾಯುವಿನ ಎಳೆಗಳಿಗೆ ಆದ ಅತಿ ಸೂಕ್ಷ್ಮ ಗಾಯ ಮತ್ತು ಅದರ ರಿಪೇರಿಯಿಂದ ಬರುವ ನೋವು ಅದು.

ಪ್ರೋಟೀನ್ ಪುಡಿಯ ಡಬ್ಬದ ವಿಷಯವನ್ನೂ ಇಲ್ಲೇ ಹೇಳಿಬಿಡಬಹುದು. ಟ್ರೈನರ್‌ಗೆ ಕಮಿಷನ್ ತರುವ ವ್ಯಾಪಾರ ಅದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಕಾರ ಸಾಮಾನ್ಯ ವಯಸ್ಕರಿಗೆ ಬೇಕಾದ ಪ್ರೋಟೀನು ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ, 60 ಕಿಲೋ ತೂಕದವರಿಗೆ ಸುಮಾರು 50 ಗ್ರಾಂ. ಮೈ ಬೆಳೆಸಲು ಇಂಥ ಪುಡಿಗಳ ಮೊರೆ ಹೋಗಬೇಡಿ ಎಂದು ಅದೇ ಮಂಡಳಿಯ 2024ರ ಆಹಾರ ಮಾರ್ಗಸೂಚಿ ಹೇಳಿದೆ. ಬೇಳೆ, ಹುರುಳಿ, ಮೊಸರು, ಮೊಟ್ಟೆಗಳ ಲೆಕ್ಕ ಹೇಳಬಲ್ಲ ಟ್ರೈನರ್‌ಗೆ ಕಮಿಷನ್ ಸಿಗದು, ಗಿರಾಕಿ ಉಳಿಯುತ್ತಾನೆ.

ಓದಲು ಹೊತ್ತೆಲ್ಲಿದೆ? ದಿನಕ್ಕೆ ಒಂದು ಗಂಟೆ, ವಾರಕ್ಕೆ ಐದು ದಿನ ಎಂದಿಟ್ಟುಕೊಂಡರೂ ಆರು ತಿಂಗಳಲ್ಲಿ 130 ಗಂಟೆ ಆಗುತ್ತದೆ. ಭಾನುವಾರ ಒಂದೇ ಪಟ್ಟಿಗೆ ಆರು ಗಂಟೆ ಕುಳಿತು ಓದುವುದಕ್ಕಿಂತ ದಿನದಿನದ ಒಂದು ಗಂಟೆಯೇ ತಲೆಯಲ್ಲಿ ನಿಲ್ಲುವುದು. ಮಕ್ಕಳಿಗೆ ಹೇಳುವ ಈ ಬುದ್ಧಿ ಅಪ್ಪ ಅಮ್ಮಂದಿರಿಗೂ ಅನ್ವಯ. ನಿದ್ದೆ ಕದ್ದು ಓದುವ ಸಾಹಸ ಬೇಡ. ರಾತ್ರಿ ಪಾಳಿ ಮುಗಿಸಿ ಬಂದವರಂತೂ ಮೊದಲು ಮಲಗಿ ಏಳಬೇಕು.

ಮನೆಯವರು ಕುಳಿತು ಮಾತಾಡಬೇಕಾದ ವಿಷಯ ಬೇರೆಯೇ ಇದೆ. ಓದು ಆರು ತಿಂಗಳಿನದು, ಉದ್ಯೋಗ ವರ್ಷಾನುಗಟ್ಟಲೆಯದು. ಜಿಮ್‌ಗೆ ಜನ ಬರುವುದು ಕಚೇರಿಗೆ ಹೋಗುವ ಮುಂಚೆ ಅಥವಾ ಕಚೇರಿಯಿಂದ ಬಂದ ಮೇಲೆ. ಅಂದರೆ ಮಕ್ಕಳು ಶಾಲೆಗೆ ಹೊರಡುವ ಹೊತ್ತು, ಸಂಜೆ ಹೋಂವರ್ಕ್ ಮಾಡುವ ಹೊತ್ತು, ಎರಡೂ ಟ್ರೈನರ್ ಪಾಲಿಗೆ ದುಡಿಮೆಯ ಹೊತ್ತು. ಮನೆಯಲ್ಲಿ ಯಾರೂ ಇಲ್ಲದ ನಡುಹಗಲಿನಲ್ಲಿ ಅವನಿಗೆ ಬಿಡುವು. ಇರುವ ನೌಕರಿ ಬಿಡದೆ ಬೆಳಗಿನ ಎರಡು ಗಂಟೆ ಮಾತ್ರ ಟ್ರೈನರ್ ಆಗುವವರಿದ್ದಾರೆ. ಅವರ ಸಂಜೆ ಉಳಿಯುತ್ತದೆ, ಸಂಬಳವೂ ಉಳಿಯುತ್ತದೆ. ನಡುಹಗಲಿನ ಬಿಡುವನ್ನೇ ನಂಬಿದ ಗೃಹಿಣಿ ಆ ಹೊತ್ತಿಗೆ ಬರಬಲ್ಲ ಇತರ ಗೃಹಿಣಿಯರನ್ನೋ ಹಿರಿಯರನ್ನೋ ಹುಡುಕಿಕೊಳ್ಳಬೇಕು. ಈ ಮಾತುಕತೆ ಶುಲ್ಕ ಕಟ್ಟುವ ಮುಂಚೆಯೇ ಆಗಲಿ.

ಕೋರ್ಸು ಆರಿಸುವಾಗ ಏನು ನೋಡಬೇಕು? ಪರೀಕ್ಷೆಯ ಸ್ವರೂಪ ನೋಡಿದರೆ ಅರ್ಧ ತಿಳಿಯುತ್ತದೆ. ಅಮೆರಿಕನ್ ಕೌನ್ಸಿಲ್ ಆನ್ ಎಕ್ಸರ್‌ಸೈಜ್ ಎಂಬ ಸಂಸ್ಥೆ 1985ರಲ್ಲಿ ಹುಟ್ಟಿದ್ದು. 18 ವರ್ಷ ತುಂಬಿದವರು ಅದರ ಪರೀಕ್ಷೆಗೆ ಕೂರಬಹುದು. ಮೂರು ಗಂಟೆ, 150 ಪ್ರಶ್ನೆ. ಹೃದಯ ನಿಂತವರಿಗೆ ಎದೆ ಒತ್ತಿ ಜೀವ ಉಳಿಸುವ ಸಿಪಿಆರ್ ತರಬೇತಿಯ ಪ್ರಮಾಣಪತ್ರ ಕಡ್ಡಾಯ. ನಿಮಿಷಕ್ಕೆ 100ರಿಂದ 120 ಸಲ, ಐದರಿಂದ ಆರು ಸೆಂ.ಮೀ. ಆಳ ಒತ್ತಬೇಕು, ಗೊಂಬೆಯ ಮೇಲೆ ಎರಡು ನಿಮಿಷ ಮಾಡಿದರೂ ಬೆವರು ಕಿತ್ತುಬರುತ್ತದೆ. ಸಿಪಿಆರ್ ಮಾತೇ ಇಲ್ಲದ ಕೋರ್ಸನ್ನು ಪಟ್ಟಿಯಿಂದ ಹೊಡೆದುಹಾಕಿಬಿಡಿ. ಶಾಲೆಯಲ್ಲಿ ಪಿ.ಟಿ. ಮೇಷ್ಟ್ರಾಗುವ ಆಸೆಯಿರುವ ವಿದ್ಯಾರ್ಥಿಗಳ ದಾರಿ ಬೇರೆ. ಅದಕ್ಕೆ ಎರಡು ವರ್ಷದ ಬಿ.ಪಿ.ಇಡಿ. ಇದೆ.

ಮೇಲೆ ಹೇಳಿದ ಪ್ರಮಾಣಪತ್ರಕ್ಕೂ ಆಯುಷ್ಯವಿದೆ. ಎರಡು ವರ್ಷಕ್ಕೊಮ್ಮೆ 20 ಗಂಟೆಗಳ ಹೊಸ ಕಲಿಕೆಯ ದಾಖಲೆ ತೋರಿಸಿ ಅದನ್ನು ನವೀಕರಿಸಿಕೊಳ್ಳಬೇಕು. ಆದ್ದರಿಂದ ಮಗಳ ಎದುರಿನ ಆ ಕುರ್ಚಿಯನ್ನು ಪರೀಕ್ಷೆ ಮುಗಿದ ಕೂಡಲೇ ಎತ್ತಿಡುವ ಹಾಗಿಲ್ಲ.