ಕೆಟ್ಟ ಗಣಕಯಂತ್ರದೊಳಗಿನ ಕೆಡದ ಕಡತಗಳು

ಗಣಕಯಂತ್ರ ಕೆಟ್ಟಿತೆಂದರೆ ಅದರೊಳಗೆ ಕೂಡಿಟ್ಟುದೆಲ್ಲವೂ ಕೆಟ್ಟಿತೆಂದು ಭಾವಿಸಿ, ಗತಿಸಿದ ತಾಯಿಯ ಭಾವಚಿತ್ರಗಳನ್ನೂ ಮಗಳ ಮದುವೆಯ ವೀಡಿಯೊಗಳನ್ನೂ ಅರ್ಧ ಬರೆದ ಪ್ರಬಂಧವನ್ನೂ ಒಡಲಲ್ಲಿಟ್ಟುಕೊಂಡ ಲ್ಯಾಪ್‌ಟಾಪನ್ನು ಗುಜರಿಗೆ ಕೊಟ್ಟುಬಿಡುವವರು ನಮ್ಮಲ್ಲಿ ಕೆಲವರಿದ್ದಾರೆ. ಆ ನಿರಾಶೆ ಅನೇಕ ವೇಳೆ ನಿರಾಧಾರವಾದುದು. ಹಾರ್ಡ್ ಡಿಸ್ಕೆಂಬುದು ಯಂತ್ರದ ಇತರ ಅಂಗಗಳಿಂದ ಪ್ರತ್ಯೇಕವಾಗಿ ಕಳಚಬಹುದಾದ ಘಟಕವಾಗಿರುವುದರಿಂದ, ಮದರ್‌ಬೋರ್ಡು ಸುಟ್ಟಿರಲಿ, ಪರದೆ ಒಡೆದಿರಲಿ, ವಿಂಡೋಸ್ ತಾನೇ ವಿಕಲವಾಗಿ ಆರಂಭವಾಗದೆ ನಿಂತಿರಲಿ, ಡಿಸ್ಕಿನ ಮೇಲಿನ ಬರಹ ಮಾತ್ರ ಯಥಾಸ್ಥಿತಿಯಲ್ಲಿ ಉಳಿದಿರುವುದು ಸಾಮಾನ್ಯ.

ಡಿಸ್ಕನ್ನು ಕಳಚಿ, ಸೇಟಾ ಸಂಪರ್ಕವನ್ನು ಯುಎಸ್‌ಬಿಗೆ ಮಾರ್ಪಡಿಸುವ ಕೇಬಲ್ಲಿನ ಮೂಲಕ ಸುಸ್ಥಿತಿಯ ಬೇರೊಂದು ಗಣಕಯಂತ್ರಕ್ಕೆ ಜೋಡಿಸುವುದೇ ಮೊದಲ ಉಪಾಯ. ಲ್ಯಾಪ್‌ಟಾಪಿನ 2.5 ಅಂಗುಲದ ಡಿಸ್ಕಿಗೆ ಆ ಕೇಬಲ್ಲು ಕೊಡುವ ವಿದ್ಯುತ್ತೇ ಸಾಕು, ಡೆಸ್ಕ್‌ಟಾಪಿನ 3.5 ಅಂಗುಲದ್ದಕ್ಕೆ 12 ವೋಲ್ಟಿನ ಪ್ರತ್ಯೇಕ ಅಡಾಪ್ಟರು ಬೇಕು. ಜೋಡಿಸಿದೊಡನೆ ‘ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು’ ಎಂಬ ಸೂಚನೆ ಪರದೆಯ ಮೇಲೆ ಮೂಡಿದರೆ, ಏನೇ ಆಗಲಿ, ಅದಕ್ಕೆ ಸಮ್ಮತಿಸಕೂಡದು. ಡಿಸ್ಕು ಬಿಟ್‌ಲಾಕರಿನಿಂದ ಗೂಢಲಿಪಿಗೊಂಡಿದ್ದರೆ 48 ಅಂಕೆಗಳ ಕೀಲಿಯೊಂದನ್ನು ಯಂತ್ರ ಕೇಳುತ್ತದೆ. ಬಳಕೆದಾರನಿಗೆ ಅರಿವಿಲ್ಲದೆಯೇ ಅದು ಅವನ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುವುದುಂಟು. ಈಚಿನ ಕೆಲವು ತೆಳು ಲ್ಯಾಪ್‌ಟಾಪುಗಳಲ್ಲಿ ಸಂಗ್ರಹಭಾಗವನ್ನು ಮದರ್‌ಬೋರ್ಡಿಗೇ ಬೆಸೆದಿರುವುದರಿಂದ ಈ ಉಪಾಯ ಅಲ್ಲಿ ಸಲ್ಲದು.

ಕೈತಪ್ಪಿ ಅಳಿಸಿದ ಕಡತಗಳ ವಿಚಾರ ಬೇರೆಯದು. ಕಡತವೊಂದನ್ನು ಅಳಿಸಿದಾಗ ವ್ಯವಸ್ಥೆಯು ಸಾಮಾನ್ಯವಾಗಿ ಅದರ ವಿಷಯವನ್ನು ಮುಟ್ಟುವುದಿಲ್ಲ. ಇಂಥ ಸ್ಥಾನದಲ್ಲಿ ಇಂಥ ಕಡತವಿದೆಯೆಂಬ ದಾಖಲೆಯನ್ನು ಮಾತ್ರ ತೆಗೆದು, ಆ ಜಾಗ ಖಾಲಿಯೆಂದು ಗುರುತು ಹಾಕುತ್ತದೆ. ಪಹಣಿಯಲ್ಲಿ ಹೆಸರು ಹೊಡೆದುಹಾಕಿದರೂ ಹೊಲ, ಬೇರೊಬ್ಬನು ಬಂದು ಉಳುವವರೆಗೆ, ಇದ್ದಲ್ಲಿಯೇ ಇರುವಂತೆ, ಹೊಸ ಬರಹವೊಂದು ಆ ಸ್ಥಳವನ್ನು ಆಕ್ರಮಿಸುವವರೆಗೂ ಹಳೆಯದು ಅಲ್ಲಿಯೇ ಇರುತ್ತದೆ. ಆದುದರಿಂದ ತಪ್ಪು ಗೊತ್ತಾದ ಕ್ಷಣವೇ ಆ ಡಿಸ್ಕಿನ ಬಳಕೆಯನ್ನು ನಿಲ್ಲಿಸಬೇಕು. ಮರಳಿ ಪಡೆಯುವ ತಂತ್ರಾಂಶವನ್ನು ಅದೇ ಡಿಸ್ಕಿನ ಮೇಲೆ ಸ್ಥಾಪಿಸುವುದಂತೂ ಯಾವುದನ್ನು ರಕ್ಷಿಸಹೊರಟೆವೋ ಅದನ್ನೇ ಹೂಳಿದಂತಾದೀತು. ಫೋಟೋರೆಕ್ ಎಂಬ ಉಚಿತ ತಂತ್ರಾಂಶವು ಕಡತಗಳ ಹೆಸರನ್ನು ನೆಚ್ಚದೆ, ಪ್ರತಿಯೊಂದು ಬಗೆಯ ಕಡತವೂ ತನ್ನ ಆರಂಭದಲ್ಲಿ ಹೊತ್ತಿರುವ ನಿಯತವಾದ ಚಿಹ್ನೆಯನ್ನು ಹುಡುಕುತ್ತ ಡಿಸ್ಕನ್ನೆಲ್ಲ ಶೋಧಿಸುತ್ತದೆ. ಹೆಸರುಗಳು ಹೋದರೂ ಚಿತ್ರಗಳು ದೊರೆಯುತ್ತವೆ.

ಬರಹವನ್ನು ಚಿಪ್‌ಗಳಲ್ಲಿ ಕೂಡಿಡುವ ಎಸ್‌ಎಸ್‌ಡಿ ಎಂಬ ಬಗೆಯ ಡಿಸ್ಕುಗಳಲ್ಲಿ ಮಾತ್ರ ಈ ಭರವಸೆ ಕ್ಷೀಣ. ಅಳಿಸಿದ ಜಾಗ ಯಾವುದೆಂಬುದನ್ನು ‘ಟ್ರಿಮ್’ ಎಂಬ ಆಜ್ಞೆಯ ಮೂಲಕ ಡಿಸ್ಕಿಗೆ ಮೊದಲೇ ತಿಳಿಸಲಾಗುವುದರಿಂದ, ಅದು ತನ್ನ ಬಿಡುವಿನಲ್ಲಿ ಆ ಜಾಗವನ್ನು ನಿಜವಾಗಿಯೇ ಬರಿದು ಮಾಡಿಕೊಳ್ಳುತ್ತದೆ.

ಇನ್ನು ಡಿಸ್ಕೇ ಜರ್ಜರಿತವಾದ ಸಂದರ್ಭ. ಸಾಮಾನ್ಯ ಹಾರ್ಡ್ ಡಿಸ್ಕಿನಲ್ಲಿ ನಿಮಿಷಕ್ಕೆ 5,400 ಅಥವಾ 7,200 ಬಾರಿ ಸುತ್ತುವ ನುಣುಪಾದ ತಟ್ಟೆಗಳ ಮೇಲೆ, ಅವನ್ನು ಮುಟ್ಟದೆ, ಕೆಲವೇ ನ್ಯಾನೊಮೀಟರಿನ ಅಂತರದಲ್ಲಿ, ಬರಹವನ್ನು ಓದುವ ‘ಹೆಡ್’ ಎಂಬ ಸೂಕ್ಷ್ಮಾಂಗವು ಸಂಚರಿಸುತ್ತದೆ. ಆ ಅಂತರದ ಮುಂದೆ ಧೂಳಿನ ಕಣವೂ ಬೆಟ್ಟವೇ. ಒಳಗಿನಿಂದ ಟಕ್ ಟಕ್ ಎಂಬ ಸದ್ದು ಕೇಳಿಬಂದರೆ ಹೆಡ್ ದಾರಿ ತಪ್ಪಿರುವ ಸಂಭವವಿದ್ದು, ಮತ್ತೆ ಮತ್ತೆ ಚಾಲೂ ಮಾಡುವ ಒಂದೊಂದು ಪ್ರಯತ್ನವೂ ತಟ್ಟೆಯನ್ನು ಗೀರಬಹುದಾದ ಕಾರಣ, ಕೂಡಲೇ ವಿದ್ಯುತ್ತನ್ನು ಕಡಿಯತಕ್ಕದ್ದು. ಫ್ರೀಜರಿನಲ್ಲಿಟ್ಟರೆ ಸರಿಹೋಗುವುದೆಂಬ ಮಾತನ್ನು ನಂಬಬಾರದು. ತಂಪಿನಿಂದ ಹೊರತೆಗೆದಾಗ ತಟ್ಟೆಯ ಮೇಲೆ ಕೂಡುವ ತೇವ ಅನರ್ಥಕಾರಿ. ಮುಚ್ಚಳವನ್ನು ಮನೆಯಲ್ಲಿ ಬಿಚ್ಚುವುದೂ ಸಲ್ಲ. ಧೂಳುರಹಿತ ಕೊಠಡಿಯಲ್ಲಿ, ಅದೇ ಮಾದರಿಯ ಮತ್ತೊಂದು ಡಿಸ್ಕಿನಿಂದ ಹೆಡ್ ತೆಗೆದು ಜೋಡಿಸಬಲ್ಲ ತಜ್ಞರ ಕೆಲಸವದು. ವೆಚ್ಚ ಅಲ್ಪವಲ್ಲವಾದರೂ, ಮರಳಿ ಸಿಗದ ನೆನಪುಗಳಿಗಾಗಿ ತೆರುವ ಹಣ ವ್ಯರ್ಥವೆಂದು ನಾನು ಎಣಿಸಲಾರೆ. ಸದ್ದಿಲ್ಲದೆ, ಅಲ್ಲಲ್ಲಿ ಮಾತ್ರ ಓದಲಾಗದಂತೆ ಸವೆದ ಡಿಸ್ಕಿಗೆ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಉಪಯುಕ್ತ: ಸುಲಭವಾಗಿ ಓದಬರುವ ಭಾಗಗಳನ್ನೆಲ್ಲ ಮೊದಲು ಮತ್ತೊಂದು ಡಿಸ್ಕಿಗೆ ನಕಲಿಸಿಕೊಂಡು, ಹಟ ಹಿಡಿದ ಭಾಗಗಳಿಗೆ ಅದು ಕೊನೆಯಲ್ಲಿ ಹಿಂದಿರುಗುತ್ತದೆ.

ಈ ವಿದ್ಯೆಯ ಶಕ್ತಿ ಎಷ್ಟೆಂಬುದಕ್ಕೆ ಕೊಲಂಬಿಯಾ ನೌಕೆಯ ದುರಂತವೇ ನಿದರ್ಶನ. 2003ರ ಫೆಬ್ರವರಿ 1ರಂದು, ಕಲ್ಪನಾ ಚಾವ್ಲಾ ಸೇರಿದಂತೆ ಏಳು ಮಂದಿಯೊಡನೆ ಭೂಮಿಗೆ ಮರಳುತ್ತಿದ್ದ ಆ ನೌಕೆ ಟೆಕ್ಸಾಸಿನ ಆಕಾಶದಲ್ಲಿ ಛಿದ್ರವಾಯಿತು. ಅವಶೇಷಗಳಲ್ಲಿ ಸಿಕ್ಕ, ಸುಟ್ಟು ಕರಕಲಾದ ಡಿಸ್ಕೊಂದರಲ್ಲಿ ಕ್ಸೆನಾನ್ ಅನಿಲದ ಸ್ನಿಗ್ಧತೆಯನ್ನು ಕುರಿತ ಪ್ರಯೋಗದ ಫಲಿತಾಂಶಗಳಿದ್ದುವು. ಕ್ರೋಲ್ ಆನ್‌ಟ್ರ್ಯಾಕ್ ಸಂಸ್ಥೆಯ ತಜ್ಞರು ತಟ್ಟೆಗಳನ್ನು ತೊಳೆದು, ಹೊಸ ಕವಚಕ್ಕೆ ವರ್ಗಾಯಿಸಿ, ಶೇಕಡ 99ರಷ್ಟನ್ನು ಓದಿ ತೆಗೆದರು. ಹಾನಿಗೊಂಡ ಭಾಗಗಳು ಇನ್ನೂ ಏನನ್ನೂ ಬರೆಯದ ಎಡೆಗಳಲ್ಲಿದ್ದುದು ಭಾಗ್ಯವೇ ಸರಿ. 2008ರಲ್ಲಿ ಆ ಫಲಿತಾಂಶಗಳು ವಿಜ್ಞಾನಪತ್ರಿಕೆಯಲ್ಲಿ ಪ್ರಕಟವಾದುವು. ಅದೇ ನೌಕೆಯ ಬೇರೆ ಡಿಸ್ಕುಗಳಿಂದ ಏನೂ ದೊರೆಯಲಿಲ್ಲವೆಂಬುದನ್ನೂ ಮರೆಯಲಾಗದು.

ಕನ್ನಡದಲ್ಲಿ ಬರೆದಿಟ್ಟವರಿಗೆ ಇನ್ನೊಂದು ಎಚ್ಚರಿಕೆ ಅವಶ್ಯ. ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹ, ಶ್ರೀಲಿಪಿಗಳ ಫಾಂಟುಗಳಲ್ಲಿ ಟೈಪಿಸಿದ ಲೇಖನಗಳು ಹೊಸ ಯಂತ್ರದಲ್ಲಿ ತೆರೆದಾಗ ರೋಮನ್ ಅಕ್ಷರಗಳ ಅರ್ಥಹೀನ ರಾಶಿಯಾಗಿ ಕಾಣಿಸುವುದರಿಂದ, ಕಷ್ಟಪಟ್ಟು ಪಡೆದ ಕಡತ ಕೆಟ್ಟಿದೆಯೆಂದೇ ತಿಳಿದು ಎಸೆಯುವ ಅಪಾಯವುಂಟು. ಅದು ಕೆಟ್ಟುದಲ್ಲ. ಆಯಾ ಫಾಂಟನ್ನು ಸ್ಥಾಪಿಸಿದರೆ ಕನ್ನಡ ಮರಳಿ ಮೂಡುತ್ತದೆ. ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಉಚಿತವಾಗಿಯೇ ದೊರೆಯುತ್ತವೆ. ಪರಿವರ್ತನೆಯಲ್ಲಿ ಅರ್ಕಾವತ್ತು, ಒತ್ತಕ್ಷರಗಳು ಕೆಲವೊಮ್ಮೆ ಸ್ಥಾನಪಲ್ಲಟಗೊಳ್ಳುವುದರಿಂದ, ಹೊಸ ಪ್ರತಿಯನ್ನು ಸಾಲುಸಾಲಾಗಿ ಓದಿ ತಿದ್ದುವವರೆಗೆ ಮೂಲ ಕಡತವನ್ನೂ ಹಾಗೆಯೇ ಇಟ್ಟುಕೊಂಡಿರಬೇಕು.