ಹಿಂದಿನ ಶಾಕಪ್‌ಗೆ ಕಲ್ಲೇಟು, ಮುಂದಿನ ಸೀಟಿಗೆ ಬೈಗುಳ

ಸಂಡೂರಿನ ಗುಡ್ಡ ಇಳಿದು ಬರುವ ಲಾರಿ, ಟಿಪ್ಪರ್, ಪಿಕಪ್‌ಗಳಿಗೆಲ್ಲ ಒಂದೇ ಬಣ್ಣ. ಕಂಪನಿಯವರು ಯಾವ ಪೇಂಟು ಹೊಡೆದು ಕಳಿಸಿದ್ದರೇನು, ವರ್ಷ ತುಂಬುವುದರೊಳಗೆ ಎಲ್ಲವೂ ಅದಿರಿನ ಕೆಂಪು. ಮೈಮೇಲಿನ ಕೆಂಪು ನೀರು ಬಿಟ್ಟರೆ ಹೋದೀತು. ಗಾಡಿಯ ಅಡಿಗೆ ನುಗ್ಗಿ ಕೂತದ್ದು ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಅದರ ಬಾಯಿಗೆ ಸಿಗುವುದು ಹಿಂದಿನ ಶಾಕಪ್.

2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಗಣಿಗಳಿಗೆ ತಡೆ ಹಾಕುವ ಮುಂಚೆ ಹೊಸಪೇಟೆ-ಸಂಡೂರು ದಾರಿಯ ಲಾರಿ ಸಾಲಿಗೆ ಕೊನೆಮೊದಲಿರಲಿಲ್ಲ. ಆಗಿನ ದೊಡ್ಡ ಲಾರಿಗಳಲ್ಲಿ ಎಷ್ಟಕ್ಕೋ ಹಿಂದೆ ಶಾಕಪ್ಪೇ ಇರಲಿಲ್ಲ. ದಪ್ಪ ದಪ್ಪ ಪಾಟಾಗಳು ಒಂದರ ಮೇಲೊಂದು ಉಜ್ಜಿಕೊಂಡೇ ಕುಲುಕಾಟ ತಡೆಯುತ್ತಿದ್ದವು. ಆಮೇಲೆ ಮಿತಿಯೊಳಗೆ ಗಣಿ ಮತ್ತೆ ಶುರುವಾಯಿತು, ಊರಲ್ಲಿ ಪಿಕಪ್ಪು, ಸಣ್ಣ ಗೂಡ್ಸ್ ಗಾಡಿಗಳೂ ಹೆಚ್ಚಿದವು. ಇವುಗಳಿಗೆ ಹಿಂದೆ ಎರಡು ಶಾಕಪ್. ಬಹುಪಾಲು ಸಾಲದ ಗಾಡಿ. ತಿಂಗಳ ಕಂತು ಕಟ್ಟುವವನಿಗೆ ಎರಡು ದಿನ ಗಾಡಿ ಶೆಡ್ಡಿನಲ್ಲಿ ನಿಂತರೂ ಮನೆ ಲೆಕ್ಕ ತಪ್ಪುತ್ತದೆ.

ಗಾಡಿ ಕುಣಿಯತೊಡಗಿದರೆ ಓನರ್ ಡ್ರೈವರನ್ನು ಬಯ್ಯುತ್ತಾನೆ. ಡ್ರೈವರ್ ರಸ್ತೆಯನ್ನು ಬಯ್ಯುತ್ತಾನೆ. ರಸ್ತೆಯವರು ಓವರ್‌ಲೋಡನ್ನು ತೋರಿಸುತ್ತಾರೆ. ಮೂರು ಮಂದಿಯ ಮಾತಿನಲ್ಲೂ ಸತ್ಯವಿದೆ ಅನ್ನಿ. ಆದರೆ ಗಾಡಿ ಕೆಳಗೆ ಬಗ್ಗಿ ನೋಡುವವರು ಮಾತ್ರ ಯಾರೂ ಇಲ್ಲ!

ಬಗ್ಗಿದರೆ ಕಾಣುವುದಿಷ್ಟು. ಶಾಕಪ್ಪಿನ ಕೆಳಗಿನ ಕಿವಿ ಆಕ್ಸಲ್ಲಿಗೆ, ಮೇಲಿನದು ಚಾಸಿಗೆ ಬಿಗಿದಿರುತ್ತದೆ. ಒಳಗೆ ಆಯಿಲ್. ಮೇಲಿನಿಂದ ಇಳಿದು ಆಡುವ ಉಕ್ಕಿನ ರಾಡಿಗೆ ಕನ್ನಡಿಯಂಥ ಕ್ರೋಮ್ ಹೊಳಪು. ರಾಡು ಒಳಹೋಗುವ ಬಾಯಲ್ಲಿ ರಬ್ಬರಿನ ಆಯಿಲ್ ಸೀಲ್. ಇಡೀ ಶಾಕಪ್ಪಿನ ಪ್ರಾಣ ಈ ಬಿಲ್ಲೆಯಷ್ಟರ ರಬ್ಬರಿನಲ್ಲಿದೆ. ಮುಂದಿನ ಚಕ್ರ ಎಸೆದ ಜಲ್ಲಿ ಹಿಂದಕ್ಕೆ ಹಾರಿ ರಾಡಿಗೆ ಬಡಿದರೆ ಕ್ರೋಮಿನಲ್ಲಿ ಒಂದು ಸಣ್ಣ ಚಕ್ಕೆ ಏಳುತ್ತದೆ. ಆ ಚಕ್ಕೆಯ ಅಂಚು ಪ್ರತಿ ಕುಲುಕಿಗೂ ಸೀಲನ್ನು ಕೊಯ್ಯುತ್ತದೆ. ಕಲ್ಲು ಬೀಳದಿದ್ದರೂ ಧೂಳಿದೆ. ಸಂಡೂರಿನ ಅದಿರಿನ ಜೊತೆ ಬೆಣಚುಕಲ್ಲೂ ಪದರ ಪದರವಾಗಿ ಸೇರಿರುತ್ತದೆ, ಅದರ ಪುಡಿ ಸೀಲಿನ ತುಟಿಯಲ್ಲಿ ಕೂತು ಉಪ್ಪುಕಾಗದದ ಹಾಗೆ ಅರೆಯುತ್ತದೆ. ಆಯಿಲ್ ಜಿನುಗುತ್ತದೆ, ಜಿನುಗಿದ್ದಕ್ಕೆ ಇನ್ನಷ್ಟು ಧೂಳು ಮೆತ್ತುತ್ತದೆ.

ಆಯಿಲ್ ಹೋದ ಶಾಕಪ್ ಬರೀ ಕೊಳವೆ. ಗುಂಡಿ ದಾಟಿದ ಮೇಲೂ ಹಿಂಭಾಗ ಎರಡು ಮೂರು ಸಲ ಜಿಗಿಯುತ್ತದೆ, ಟಯರು ಅಲ್ಲಲ್ಲಿ ತಗ್ಗುಬಿದ್ದು ಸವೆಯುತ್ತದೆ, ಪಾಟಾ ಮುರಿಯುತ್ತದೆ. ಖಾಲಿ ಗಾಡಿ ಇನ್ನೂ ಅಪಾಯ. ಘಾಟಿಯ ಇಳಿಜಾರಲ್ಲಿ ಬ್ರೇಕ್ ಒತ್ತಿದಾಗ ಚಕ್ರ ನೆಲ ಬಿಟ್ಟು ಕುಣಿದರೆ ಬ್ರೇಕ್ ಯಾವುದನ್ನು ಹಿಡಿಯಬೇಕು?

ಕಾಪಾಡುವ ದಾರಿ ದುಬಾರಿಯೇನಲ್ಲ. ಮೊದಲನೆಯದಾಗಿ ಮುಂದಿನ ಚಕ್ರದ ಹಿಂದಿನ ಮಡ್‌ಫ್ಲಾಪ್ ಸರಿಯಿರಬೇಕು. ಎಷ್ಟೋ ಗಾಡಿಗಳಲ್ಲಿ ಅದು ಹರಿದು ಹೋಗಿ ವರ್ಷವಾಗಿರುತ್ತದೆ. ಹಿಂದೆ 'ಮತ್ತೆ ಭೇಟಿಯಾಗೋಣ' ಎಂದು ಬರೆಸಿದ ಫ್ಲಾಪು ಮಾತ್ರ ಮದುವಣಗಿತ್ತಿಯ ಹಾಗೆ ಹೊಳೀತಿರುತ್ತೆ! ಅದು ಹಿಂದೆ ಬರುವವರ ಗಾಜು ಉಳಿಸೀತು, ಶಾಕಪ್ಪನ್ನಲ್ಲ. ಎರಡನೆಯದು, ಹಳೇ ಟಯರಿನ ಪಟ್ಟಿಯೋ ದಪ್ಪ ರಬ್ಬರೋ ಕತ್ತರಿಸಿ ಶಾಕಪ್ಪಿನ ಮುಂದೆ ಪರದೆಯಂತೆ ಇಳಿಬಿಡುವುದು. ಆಕ್ಸಲ್ ಪೂರಾ ಮೇಲೆದ್ದಾಗಲೂ ಅದು ಬ್ರೇಕ್ ಪೈಪಿಗೆ, ಸೈಲೆನ್ಸರಿಗೆ ತಾಗಬಾರದು. ರಾಡಿನ ಮೇಲಿನ ಧೂಳು ಕವರ್ ಒಡೆದಿದ್ದರೆ ಹೊಸದು ಹಾಕಿಸಬೇಕು. ಸುಕ್ಕುಸುಕ್ಕಿನ ರಬ್ಬರ್ ಚೀಲ ಹಾಕುವವರು ಅಡಿಯಲ್ಲಿ ನೀರಿಳಿಯಲು ತೂತು ಬಿಟ್ಟಿದೆಯೇ ನೋಡಿಕೊಳ್ಳಬೇಕು.

ಇನ್ನು ಕೆಲವರು ಇಡೀ ಶಾಕಪ್ಪಿಗೇ ಟ್ಯೂಬು ಸುತ್ತಿ ಕಟ್ಟುತ್ತಾರೆ. ಇದು ಮಗುವಿಗೆ ಚಳಿಯಾಗದಿರಲೆಂದು ಮೂಗು ಮುಚ್ಚಿದ ಹಾಗೆ. ಕುಲುಕಾಟವನ್ನೆಲ್ಲ ಶಾಖ ಮಾಡಿ ಹೊರಗೆ ಬಿಡುವುದೇ ಅದರ ಕೆಲಸ, ಗಾಳಿ ಬೇಕು. ಸುತ್ತಿದರೆ ಒಳಗೆ ಕೆಸರು ಕೂತು ತುಕ್ಕೂ ಹಿಡಿಯುತ್ತದೆ. ಸರ್ವೀಸ್ ಸ್ಟೇಷನ್ನಿನಲ್ಲಿ ನೀರು ಹೊಡೆದ ಮೇಲೆ ಅಡಿಗೆಲ್ಲ ವೇಸ್ಟ್ ಆಯಿಲ್ ಚಿಮುಕಿಸುವ ಪದ್ಧತಿಯೂ ಅಷ್ಟೇ. ಹೊಳಪು ಒಂದು ದಿನದ್ದು, ಮರುದಿನ ಧೂಳೆಲ್ಲ ಅಲ್ಲೇ. ಬುಷ್ ರಬ್ಬರೂ ಆಯಿಲ್ ಕುಡಿದು ಉಬ್ಬುತ್ತದೆ. ನೀರಿನ ಗನ್ನನ್ನು ನೇರ ಸೀಲಿಗೇ ಹಿಡಿದರೆ ಹೊರಗಿದ್ದ ಕೊಳೆ ಒಳಗೆ ಸೇರುತ್ತದೆ.

ಕೆಟ್ಟಿದೆಯೋ ಇಲ್ಲವೋ ತಿಳಿಯಲು ಮೆಕ್ಯಾನಿಕ್ಕೇ ಬೇಕಿಲ್ಲ. ಕೆಟ್ಟ ರಸ್ತೆಯಲ್ಲಿ ಓಡಿಬಂದ ಗಾಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಎರಡೂ ಶಾಕಪ್ಪನ್ನು ಹುಷಾರಾಗಿ ಮುಟ್ಟಿ ನೋಡಬೇಕು. ಬಿಸಿಯಿದ್ದದ್ದು ಕೆಲಸ ಮಾಡಿದೆ, ತಣ್ಣಗಿದ್ದದ್ದು ಸುಮ್ಮನೆ ನೇತಾಡಿಕೊಂಡು ಬಂದಿದೆ. ಬದಲಿಸುವಾಗ 'ಒಂದೇ ಸಾಕು ಬಿಡಪ್ಪಾ' ಅನ್ನುವ ಓನರುಗಳುಂಟು. ಒಂದು ಕಡೆ ಹೊಸದು ಬಿಗಿ, ಇನ್ನೊಂದು ಕಡೆ ಹಳೇದು ಸಡಿಲ ಆದರೆ ತಿರುವಿನಲ್ಲಿ ಗಾಡಿಯನ್ನು ಹಿಡಿಯಬೇಕಾದವನು ಡ್ರೈವರ್.